ಬಚ್ಚಲೊಲೆ ಕೀಳ್ಬೇಕಾ, ಸೋಲಾರ್ ಹಾಕ್ಬೇಕಾ? ನಮ್ಮನೆ ಎರಡು ವರ್ಷದ ಲೆಕ್ಕ

ಮೊನ್ನೆ ಸೊಸೈಟಿ ಹತ್ರ ಸಿಕ್ಕ ಮೂರು ಜನ ಬೇರೆ ಬೇರೆ ಹೊತ್ತಲ್ಲಿ ಒಂದೇ ಪ್ರಶ್ನೆ ಕೇಳಿದ್ರು. "ಸೋಲಾರ್ ಹಾಕ್ಸಿದೀರಿ ಅಂತಾರೆ, ಮಳೆಗಾಲದಲ್ಲಿ ನೋಡಿದ್ರೆ ನಿಮ್ಮ ಬಚ್ಚಲ ಮೇಲೆ ಹೊಗೆ ಕಾಣ್ತಿತ್ತು. ಕೆಟ್ಟೋಯ್ತಾ?" ಕೆಟ್ಟಿಲ್ಲ. ಎರಡೂ ಇದೆ, ಬೇಕಂತಲೇ ಎರಡೂ ಇಟ್ಕೊಂಡಿದೀನಿ. ಆದ್ರೆ ಈ ತೀರ್ಮಾನಕ್ಕೆ ಬರೋಕೆ ಎರಡು ವರ್ಷ, ಒಂದು ದಪ್ಪ ಕರೆಂಟ್ ಬಿಲ್ಲು, ಮಂಗಗಳು ಒಡೆದ ನಾಲ್ಕು ಟ್ಯೂಬು, ಅಮ್ಮನ ಹತ್ರ ಬೈಸ್ಕೊಂಡಿದ್ದು ಎಲ್ಲಾ ಬೇಕಾಯ್ತು. ಕೊನೆ ಕೊಯ್ಲು ಜೋರಾದ್ರೆ ಬರೆಯೋಕೆ ಪುರುಸೊತ್ತು ಸಿಗಲ್ಲ, ಅದಕ್ಕೇ ಇವತ್ತೇ ಬರೀತಿದೀನಿ. ಉದ್ದ ಇದೆ. ಓದೋಕೆ ಆಗದವರು ಮನೆಗೇ ಬನ್ನಿ.

ಇದೆಲ್ಲ ಶುರುವಾಗಿದ್ದು ಬಿಸಿನೀರಿನ ಆಸೆಯಿಂದ ಅಲ್ಲ, ಅಮ್ಮನ ಉಸಿರಿನಿಂದ. 2023ರ ಆಗಸ್ಟು, ಆಶ್ಲೇಷ ಮಳೆ ಹೊಡೀತಿತ್ತು. ರಾತ್ರಿ ಎರಡು ಗಂಟೆಗೆ ಅಮ್ಮ ಮಂಚದ ಮೇಲೆ ಎದ್ದು ಕೂತು ಮೇಲುಸಿರು ಎಳೀತಿದ್ಲು. ಮಾತಾಡೋಕೆ ಆಗ್ತಿರ್ಲಿಲ್ಲ, ಕೈ ಸನ್ನೆಯಲ್ಲೇ ಕಿಟಕಿ ತೆಗಿ ಅಂದ್ಲು. ಬೆಳಕು ಹರಿಯೋದ್ರೊಳಗೆ ಶಿವಮೊಗ್ಗ ಮುಟ್ಟಿಸಿದ್ವಿ. ನಾಲ್ಕು ದಿನ ಆಸ್ಪತ್ರೆ. ಕೊನೇ ದಿನ ಒಂದು ಕೊಳವೆಗೆ ಜೋರಾಗಿ ಊದಿಸಿ ನೋಡಿದ ಡಾಕ್ಟ್ರು ಅಮ್ಮನ್ನೇ ಕೇಳಿದ್ರು, "ಬೀಡಿ ಗೀಡಿ ಸೇದೋ ಅಭ್ಯಾಸ ಇತ್ತಾ ಅಜ್ಜಿ?" ಅಮ್ಮ ಆ ಉಸಿರಲ್ಲೂ ನಕ್ಕುಬಿಟ್ಲು. "ಹಾಗಾದ್ರೆ ಒಲೆ ಮುಂದೆ ಎಷ್ಟು ವರ್ಷ ಆಯ್ತು?" "ಮದುವೆಯಾಗಿ ಬಂದಾಗಿಂದ. ಐವತ್ತೆರಡು."

ನಾನು ಮಧ್ಯೆ ಬಾಯಿ ಹಾಕಿ, ನಮ್ಮನೇಲಿ ಅಡುಗೆಗೆ ಗ್ಯಾಸ್ ಬಂದು ಇಪ್ಪತ್ತೈದು ವರ್ಷದ ಮೇಲಾಯ್ತು ಅಂದೆ. "ಸ್ನಾನಕ್ಕೆ?" ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಬೀಡಿ ಮುಟ್ಟದವರಿಗೂ ಒಲೆ ಹೊಗೆಯಿಂದ ಅದೇ ಕಾಯಿಲೆ, ಸಿಒಪಿಡಿ ಅಂತಾರಲ್ಲ ಅದು, ಬರುತ್ತೆ ಅಂತ ಆವತ್ತು ಗೊತ್ತಾಯ್ತು. ಹೋದ ಶ್ವಾಸಕೋಶ ವಾಪಸ್ ಬರಲ್ಲ, ಉಳಿದಿದ್ದನ್ನ ಉಳಿಸ್ಕೋಬೇಕು ಅಷ್ಟೇ.

ನಮ್ಮ ಬಚ್ಚಲು ಹೆಂಗಿತ್ತು ಅಂತ ನಿಮಗೆ ಹೇಳೋದೇ ಬೇಡ, ನಿಮ್ಮನೇದೂ ಹಂಗೇ ಇರುತ್ತೆ. ಮನೆ ಹಿಂದೆ, ಕೊಟ್ಟಿಗೆಗೆ ಹೋಗೋ ದಾರೀಲಿ ಹಂಚಿನ ಮಾಡು. ಮಣ್ಣಲ್ಲಿ ಕೂರಿಸಿದ ಅಜ್ಜನ ಕಾಲದ ತಾಮ್ರದ ಹಂಡೆ. ಹೊಗೆ ಹೋಗೋಕೆ ಹಂಚಿನ ಸಂದೇ ದಾರಿ. ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಊದೋದು ಅಮ್ಮ, ಅವಳಿಗೆ ಹುಷಾರಿಲ್ಲ ಅಂದ್ರೆ ನನ್ನ ಹೆಂಡ್ತಿ. ಗಂಡಸರು ನೀರು ಕಾದ ಮೇಲೆ ಏಳೋರು. ಈ ಮಾತು ಬರೆಯೋಕೆ ಸಂಕೋಚ ಆಗುತ್ತೆ, ಆದ್ರೂ ಬರೀಬೇಕು.

ಆಸ್ಪತ್ರೆಯಿಂದ ಬಂದ ಮೇಲೆ ಅಡಿಕೆ ತೂಗೋ ತಕ್ಕಡೀಲಿ ಸೌದೆ ತೂಗೋಕೆ ಶುರು ಮಾಡಿದೆ. ಹತ್ತು ದಿನದ ಸರಾಸರಿ ದಿನಕ್ಕೆ 9 ಕೆಜಿ. ಐದು ಜನಕ್ಕೆ ಸುಮಾರು 150 ಲೀಟರ್ ಬಿಸಿನೀರು. ಲೆಕ್ಕ ಸುಲಭ ಇದೆ: ಒಂದು ಲೀಟರ್ ನೀರನ್ನ ಒಂದು ಡಿಗ್ರಿ ಬಿಸಿ ಮಾಡೋಕೆ ಒಂದು ಕಿಲೋ ಕ್ಯಾಲೊರಿ ಬೇಕು. 150 ಲೀಟರ್‌ನ 24ರಿಂದ 44 ಡಿಗ್ರಿಗೆ ತರೋಕೆ 3,000. ಒಣ ಸೌದೆ ಕೆಜಿಗೆ ಸುಮಾರು 3,500 ಕೊಡುತ್ತೆ. ಅಂದ್ರೆ ಸರಿಯಾಗಿ ನೀರಿಗೆ ತಗುಲಿದ್ರೆ ಒಂದು ಕೆಜಿ ಸೌದೆ ಸಾಕಿತ್ತು! ನಾವು ಒಂಬತ್ತು ಉರೀತಿದ್ವಿ. ಉಳಿದ ಎಂಟು ಹೊಗೆಯಾಗಿ, ಗೋಡೆ ಬಿಸಿಯಾಗಿ, ಅಮ್ಮನ ಎದೆಗೆ ಹೋಗ್ತಿತ್ತು. ಮಳೆಗಾಲದ ಹಸಿ ಸೌದೆ ಆದ್ರೆ ಕೇಳೋದೇ ಬೇಡ. ಹಸಿ ಮರದಲ್ಲಿ ಹೆಚ್ಚುಕಮ್ಮಿ ಅರ್ಧ ತೂಕ ನೀರೇ ಇರುತ್ತೆ. ಮೊದಲು ಆ ನೀರು ಆವಿಯಾಗಬೇಕು, ಆಮೇಲೆ ಹಂಡೆ ನೀರಿನ ಸರದಿ.

ವರ್ಷಕ್ಕೆ ಹಾಕಿದ್ರೆ ಮೂರೂಕಾಲು ಟನ್ ಸೌದೆ. ಪುಕ್ಕಟೆ ಅಂತೀವಲ್ಲ, ಯಾವುದು ಪುಕ್ಕಟೆ? ಸೊಪ್ಪಿನಬೆಟ್ಟದಿಂದ ಕಡಿದು ತರೋಕೆ, ಒಡೆಯೋಕೆ ಆಳು ಬೇಕು. ಸೌದೆ ಒಡೆಯೋಕೆ ಬರ್ತಿದ್ದ ನಮ್ಮೂರಿನ ಇಬ್ಬರಲ್ಲಿ ಒಬ್ಬನಿಗೆ ಸೊಂಟ ಹೋಗಿದೆ, ಇನ್ನೊಬ್ಬನ ಮಗ ಬೆಂಗಳೂರು ಸೇರಿದಾನೆ. ಒಲೆಗೆ ಹಾಕೋ ಸೋಗೆ, ಸಿಪ್ಪೆ ತೋಟಕ್ಕೆ ಮುಚ್ಚಿಗೆ ಆಗ್ತಿತ್ತು. ಅದರ ಲೆಕ್ಕ ಯಾರೂ ಹಾಕಲ್ಲ.

ಹಂಗಾಗಿ 2024ರ ಜನವರೀಲಿ, ಅಡಿಕೆ ದುಡ್ಡು ಕೈಗೆ ಬಂದ ವಾರವೇ ಸೋಲಾರ್ ಹಾಕಿಸ್ದೆ. 200 ಲೀಟರಿನದು, ಗಾಜಿನ ಟ್ಯೂಬಿನದು. ಮಾರಿದವರು ಹನ್ನೆರಡು ತಿಂಗಳೂ ಬಿಸಿನೀರು ಅಂದ್ರು. "ಮಳೆಗಾಲಕ್ಕೆ?" ಅಂದೆ. "ಒಳಗೆ ಕಾಯಿಲ್ ಇದೆಯಲ್ಲ ಸರ್, ಸ್ವಿಚ್ ಹಾಕಿ." ನನಗೂ ಅವಸರ, ಹೂಂ ಅಂದೆ.

ಇಲ್ಲಿ ಕೆಲವು ವಿಷಯ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಕಂಪನಿ ಹಾಳೇಲಿ ಇದು ಇರಲ್ಲ. ನೀರು ತುಂಬಿದ 200 ಲೀಟರ್ ಟ್ಯಾಂಕು, ಸ್ಟ್ಯಾಂಡು, ಟ್ಯೂಬು ಎಲ್ಲಾ ಸೇರಿ ಕಾಲು ಟನ್ ಮೇಲಾಗುತ್ತೆ. ಹಂಚಿನ ಮಾಡಿನ ಮೇಲೆ ಇಡೋ ಹಾಗಿಲ್ಲ. ನಾವು ಅಡಿಕೆ ಅಂಗಳದ ಮೂಲೇಲಿ ಕಬ್ಬಿಣದ ಅಟ್ಟಣಿಗೆ ಮಾಡಿಸಿದ್ವಿ, ಅದಕ್ಕೇ 14 ಸಾವಿರ ಆಯ್ತು. ತಣ್ಣೀರಿನ ಟ್ಯಾಂಕು ಸೋಲಾರ್ ಟ್ಯಾಂಕಿಗಿಂತ ಮೇಲಿರಬೇಕು. ನಮ್ಮಲ್ಲಿ ತುಂಬಾ ಮನೆಗೆ ಗುಡ್ಡದಿಂದ ಅಬ್ಬಿ ನೀರು ಪೈಪಲ್ಲಿ ಬರುತ್ತಲ್ಲ, ಅದನ್ನ ಸೀದಾ ಸೋಲಾರಿಗೆ ಕೊಡಬೇಡಿ. ಆ ಒತ್ತಡಕ್ಕೆ ಈ ಥರದ ಟ್ಯಾಂಕು ತಡೆಯಲ್ಲ. ಮಧ್ಯೆ ಒಂದು ಸಣ್ಣ ಸಿಂಟೆಕ್ಸು, ಫ್ಲೋಟ್ ವಾಲ್ವು ಇರಲೇಬೇಕು. ನಮ್ಮ ನೀರು ಮೆದು, ಅದೊಂದು ಪುಣ್ಯ. ಬಯಲುಸೀಮೆ ಬೋರ್ ನೀರಲ್ಲಿ ಟ್ಯಾಂಕಿನೊಳಗೆ, ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತೆ.

ನಾನು ಮಾಡಿದ ತಪ್ಪು ಪೈಪಿಂದು. ಅಂಗಳದ ಮೂಲೆಯಿಂದ ಹಿಂದಿನ ಬಚ್ಚಲಿಗೆ 70 ಅಡಿ. ಅಷ್ಟೂ ಉದ್ದ ಬರೀ ಪೈಪು, ಮೇಲೆ ಏನೂ ಸುತ್ತಿರ್ಲಿಲ್ಲ. ಡಿಸೆಂಬರ್ ಬೆಳಿಗ್ಗೆ ನಲ್ಲಿ ತಿರುಗಿಸಿದ್ರೆ ಮೊದಲ ಬಕೆಟ್ ಪೂರ್ತಿ ತಣ್ಣೀರು. ಆಮೇಲೆ ಕಪ್ಪು ಫೋಮ್ ಸುತ್ತಿಸ್ದೆ. ಮೊದಲೇ ಸುತ್ತಿಸಿದ್ರೆ ಅರ್ಧ ಖರ್ಚಲ್ಲಿ ಆಗ್ತಿತ್ತು.

ಮಂಗನ ಕಥೆ ಫೆಬ್ರವರೀದು. ಟ್ಯೂಬಿನ ಮೇಲೆ ಜಾರುಬಂಡಿ ಆಡೋಕೆ ಅವಕ್ಕೆ ಸೋಲಾರ್‌ಗಿಂತ ಒಳ್ಳೆ ಜಾಗ ಸಿಗಲ್ಲ. ಒಂದು ಟ್ಯೂಬ್ ಒಡೆದ್ರೂ ಟ್ಯಾಂಕಿನ ನೀರೆಲ್ಲ ಅದೇ ತೂತಲ್ಲಿ ಖಾಲಿ. ಈಗ ಮೇಲೆ ಅಗಲ ಕಣ್ಣಿನ ಜಾಲರಿ ಹಾಕಿದೀನಿ. ನೆರಳು ಸ್ವಲ್ಪ ಬೀಳುತ್ತೆ, ಬೀಳ್ಲಿ.

ಮೇವರೆಗೆ ಸ್ವರ್ಗ ಅಂತ ಹೇಳ್ಬೇಕು. ಕೈ ಇಡೋಕಾಗದಷ್ಟು ಬಿಸಿ. ಒಲೆ ತಣ್ಣಗೆ ಬಿದ್ದಿತ್ತು, ಅಮ್ಮನ ಕೆಮ್ಮು ಅರ್ಧಕ್ಕಿಳೀತು. ಊರಿಗೆಲ್ಲಾ ಸೋಲಾರ್ ಹಾಕ್ಸಿ ಅಂತ ಹೇಳ್ಕೊಂಡು ತಿರುಗಿದ್ದೂ ಆಗಲೇ. ಒಂದಿಬ್ಬರು ಹಾಕ್ಸಿದ್ರು ಕೂಡ, ಅವರ ಹತ್ರ ಇಲ್ಲೇ ಕ್ಷಮೆ ಕೇಳ್ತೀನಿ.

ಮೃಗಶಿರ ಮಳೆ ಹಿಡೀತು. ನಾಲ್ಕನೇ ದಿನಕ್ಕೆ ನಲ್ಲೀಲಿ ಬರೋದು ಉಗುರು ಬೆಚ್ಚಗೂ ಅಲ್ಲದ ನೀರು. ಸ್ವಿಚ್ ಹಾಕಿದ್ವಿ. ಇಲ್ಲೊಂದು ಸೂಕ್ಷ್ಮ ಇದೆ: ನಿಮಗೆ ಬೇಕಾಗಿದ್ದು ಎರಡು ಬಕೆಟ್ ಆದ್ರೂ ಕಾಯಿಲ್ ಕಾಯಿಸೋದು 200 ಲೀಟರೂ. ಇಪ್ಪತ್ತು ಡಿಗ್ರಿ ಏರಿಸೋಕೆ ನಾಲ್ಕೂವರೆ ಯೂನಿಟ್ ಮೇಲೆ, ಅದೂ ಪ್ರತಿದಿನ. ಒಂದೆರಡು ರಾತ್ರಿ ಆರಿಸೋದೇ ಮರೆತೆ. ಮನೆ ಸಾಮಾನ್ಯ ಖರ್ಚು ತಿಂಗಳಿಗೆ 110 ಯೂನಿಟ್ ಇದ್ದಿದ್ದು ಆ ತಿಂಗಳು 236 ಆಯ್ತು. ಗೃಹಜ್ಯೋತಿ ನಿಯಮ ನಿಮಗೆಲ್ಲ ಗೊತ್ತಲ್ಲ, 200 ದಾಟಿದ್ರೆ ದಾಟಿದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ಲು ನಮ್ಮ ತಲೆಗೆ. ತಪ್ಪು ನನ್ನದೇ.

ಪುನರ್ವಸು ಮಳೇಲಿ ಬೇರೆ ಪಾಠ. ಲೈನ್ ಮೇಲೆ ಮರ ಬಿದ್ದು ಆರು ದಿನ ಕರೆಂಟಿಲ್ಲ. ಸೂರ್ಯನೂ ಇಲ್ಲ, ಕರೆಂಟೂ ಇಲ್ಲ. ಮೂವತ್ತೈದು ಸಾವಿರದ ಸಾಮಾನು ಅಂಗಳದಲ್ಲಿ ನೆನೀತಾ ನಿಂತಿತ್ತು. ಮೂರನೇ ದಿನ ಬೆಳಿಗ್ಗೆ ಎದ್ದು ನೋಡ್ತೀನಿ, ಬಚ್ಚಲು ತುಂಬ ಹೊಗೆ, ಅಮ್ಮ ಒಲೆ ಮುಂದೆ. ಒಂದು ಕೈಯಲ್ಲಿ ಊದುಗೊಳವೆ, ಸೆರಗಲ್ಲಿ ಇನ್‌ಹೇಲರು. ನಾನು ಕೂಗಾಡಿದೆ. "ಮತ್ತೇನು ಮಾಡ್ಲಿ ಮಾರಾಯ, ಮಕ್ಳು ತಣ್ಣೀರಲ್ಲಿ ಮೀಯೋದಾ?" ಅಂದ್ಲು.

ಆವತ್ತೇ ಗ್ಯಾಸ್ ಗೀಸರ್ ತರೋಣ ಅಂತ ಹೊರಟಿದ್ದೆ. ಲೆಕ್ಕ ಚೆನ್ನಾಗೇ ಇದೆ, ಒಂದು ಮನೆ ಸಿಲಿಂಡರು ನಮ್ಮ ಖರ್ಚಿಗೆ ಸುಮಾರು 40 ದಿನ ಬರುತ್ತೆ. ತಡೆದಿದ್ದು ನನ್ನ ಹೆಂಡ್ತಿ. ಬಾಗಿಲು ಹಾಕ್ಕೊಂಡು ಸ್ನಾನ ಮಾಡೋವಾಗ ಗ್ಯಾಸ್ ಗೀಸರಿಂದ ಪ್ರಾಣ ಹೋದ ಸುದ್ದಿ ಪೇಪರಲ್ಲಿ ಎಷ್ಟು ಸಲ ಬಂದಿಲ್ಲ. ಗಾಳಿ ಸಾಲದೆ ಉರಿದ್ರೆ ಕಾರ್ಬನ್ ಮಾನಾಕ್ಸೈಡ್ ಬರುತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಹಾಕೋದಿದ್ರೆ ಗೀಸರು ಬಚ್ಚಲ ಹೊರಗಿನ ಗೋಡೆಗೇ ಇರಬೇಕು, ನೀರಿನ ಪೈಪು ಮಾತ್ರ ಒಳಗೆ. "ಉಸಿರಾಡೋಕೆ ಕಷ್ಟ ಅಂತ ಒಲೆ ಬಿಡಿಸಿ, ಉಸಿರೇ ನಿಲ್ಲಿಸೋ ಸಾಮಾನು ತರ್ತೀರಾ?" ಅಂದ್ಲು. ಕೈಬಿಟ್ಟೆ.

ಈಗ ಒಂಚೂರು ದೂರ ಹೋಗ್ಬೇಕು, ವಾಪಸ್ ಬಚ್ಚಲಿಗೇ ಬರ್ತೀನಿ. ನನ್ನ ಮಗಳು ಅಮೆರಿಕದ ಒಹಾಯೊದಲ್ಲಿದಾಳೆ. ಅದೇ ಜುಲೈಲಿ ಅವಳ ಮನೆ ಎಸಿ ಸತ್ತೋಯ್ತು. ಅಲ್ಲಿ ಬೇಸಿಗೇಲಿ ಸೆಖೆ, ಜನವರೀಲಿ ರಾತ್ರಿ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗೂ ಹೋಗುತ್ತೆ. ಹೆಚ್ಚಿನ ಮನೇಲಿ ತಂಪಿಗೊಂದು ಎಸಿ, ಬಿಸಿಗೆ ಪೈಪ್ ಗ್ಯಾಸಲ್ಲಿ ಉರಿಯೋ ಫರ್ನೇಸ್ ಅಂತ ಒಂದು ದೊಡ್ಡ ಡಬ್ಬ. ಬಂದ ಮೆಕ್ಯಾನಿಕ್ಕು, ಬರೀ ಎಸಿ ಹಾಕ್ಸೋ ಬದಲು ಹೀಟ್ ಪಂಪ್ ಹಾಕ್ಸಿ, ಹಳೇ ಗ್ಯಾಸ್ ಫರ್ನೇಸು ಇರಲಿ, ಎರಡು ಇಂಧನದ ಸಿಸ್ಟಮ್ ಆಗುತ್ತೆ ಅಂದ್ನಂತೆ. "ಅಪ್ಪ, ನೀನು ಲೆಕ್ಕದಲ್ಲಿ ಹುಷಾರು, ಇದು ನನಗೆ ಆಗ್ಬರುತ್ತಾ ನೋಡಿ ಹೇಳು" ಅಂತ ಫೋನು ಮಾಡಿದ್ಲು. ಕಾಯಿಲ್ ಬಿಲ್ ಕಟ್ಟಿ ಬಂದ ಸಂಜೆ ಅದು. ಒಳಗೊಳಗೇ ನಗು ಬಂತು.

ಹೀಟ್ ಪಂಪ್ ಅಂದ್ರೆ ಬೇರೇನಲ್ಲ. ಫ್ರಿಜ್ಜಿನ ಹಿಂದೆ ಕೈ ಇಟ್ರೆ ಬಿಸಿ ಇರುತ್ತಲ್ಲ, ಒಳಗಿನ ಬಿಸಿ ತೆಗೆದು ಹೊರಗೆ ಹಾಕೋದು. ಬೇಸಿಗೇಲಿ ಮನೆ ಬಿಸಿಯನ್ನ ಹೊರಗೆ ಹಾಕಿದ್ರೆ ಎಸಿ. ಚಳೀಲಿ ಅದೇ ಯಂತ್ರ ತಿರುಗಾಮುರುಗಾ ಮಾಡಿ ಹೊರಗಿನ ಗಾಳೀಲಿರೋ ಬಿಸಿಯನ್ನ ಒಳಗೆ ತರುತ್ತೆ. ಬಿಸಿ ಹುಟ್ಟಿಸೋದಿಲ್ಲ, ಸಾಗಿಸುತ್ತೆ. ಅದಕ್ಕೇ ಒಂದು ಯೂನಿಟ್ ಕರೆಂಟಿಗೆ, ಹೊರಗೆ ಏಳೆಂಟು ಡಿಗ್ರಿ ಇದ್ದಾಗ, ಮೂರು ಯೂನಿಟ್‌ನಷ್ಟು ಬಿಸಿ ಕೊಡುತ್ತೆ. ಸೊನ್ನೆಗಿಂತ ಎಂಟು ಡಿಗ್ರಿ ಕೆಳಗಿಳಿದ್ರೆ ಎರಡಕ್ಕೆ ಬರುತ್ತೆ. ಇನ್ನೂ ಕೆಳಗೆ ಇನ್ನೂ ಕಮ್ಮಿ, ಮೇಲಿಂದ ಹೊರಗಿನ ಡಬ್ಬಕ್ಕೆ ಹಿಮ ಕಟ್ಟುತ್ತೆ. ಅಂದ್ರೆ ಅತಿ ಬೇಕಾದ ದಿನವೇ ಅದಕ್ಕೆ ಕೈಲಾಗಲ್ಲ. ನಮ್ಮ ಸೋಲಾರ್ ಥರಾನೇ.

ಅವಳ ಬಿಲ್ಲು ತರಿಸ್ಕೊಂಡು ಕೂತೆ. ಅಲ್ಲಿ ಗ್ಯಾಸು ಥರ್ಮ್ ಅನ್ನೋ ಅಳತೇಲಿ ಬರುತ್ತೆ, ಒಂದು ಥರ್ಮ್ ಅಂದ್ರೆ 29.3 ಯೂನಿಟ್ ಬಿಸಿ. ಫರ್ನೇಸಲ್ಲಿ ಸ್ವಲ್ಪ ಸೋರಿಕೆ ಕಳೆದು ಒಂದು ಯೂನಿಟ್ ಬಿಸಿಗೆ ಗ್ಯಾಸಿಗೆಷ್ಟು, ಕರೆಂಟಿಗೆಷ್ಟು ಅಂತ ಭಾಗಿಸಿದ್ರೆ, ಅವಳ ದರದಲ್ಲಿ ಕರೆಂಟು 2.8 ಪಟ್ಟು ದುಬಾರಿ. ಹಾಗಾದ್ರೆ ಹೀಟ್ ಪಂಪು ಒಂದಕ್ಕೆ 2.8ಕ್ಕಿಂತ ಜಾಸ್ತಿ ಕೊಡೋವರೆಗೆ ಅದನ್ನ ಓಡಿಸು, ಅದಕ್ಕಿಂತ ಕೆಳಗೆ ಬಂದ್ರೆ ಗ್ಯಾಸಿಗೆ ಬದಲಾಯ್ಸು. ಅದು ಹೊರಗೆ ನಾಲ್ಕೈದು ಡಿಗ್ರಿ ಇದ್ದಾಗ ಬರುತ್ತೆ. ಗೋಡೆ ಮೇಲಿನ ಥರ್ಮೋಸ್ಟ್ಯಾಟ್‌ಗೆ ಆ ಗೆರೆ ಹೇಳಿಕೊಟ್ರೆ ತಾನೇ ಬದಲಾಯಿಸ್ಕೊಳ್ಳುತ್ತೆ. ಎರಡೂ ಒಟ್ಟಿಗೆ ಓಡಲ್ಲ, ಇದು ಇಲ್ಲದಾಗ ಅದು.

ಅವಳಿಗೆ ಹಾಕ್ಸು ಅಂದೆ. ಆದ್ರೆ ಕಾರಣ ಉಳಿತಾಯ ಅಲ್ಲ. ಎಸಿ ಹೇಗೂ ಹೊಸದು ಹಾಕ್ಸಲೇಬೇಕಿತ್ತು, ಅದಕ್ಕಿಂತ ಸ್ವಲ್ಪ ಜಾಸ್ತಿ ದುಡ್ಡಲ್ಲಿ ಹೀಟ್ ಪಂಪ್ ಬರ್ತಿತ್ತು, ಗ್ಯಾಸ್ ಫರ್ನೇಸು ಇನ್ನೂ ಗಟ್ಟಿಯಾಗಿತ್ತು. ಗ್ಯಾಸ್ ಲೈನೇ ಇಲ್ಲದ ಮನೆಯವರು ಇದಕ್ಕೋಸ್ಕರ ಲೈನ್ ಎಳೆಸಿದ್ರೆ ದುಡ್ಡು ದಂಡ. ಚಳಿ ಅಷ್ಟಿಲ್ಲದ ಕ್ಯಾಲಿಫೋರ್ನಿಯಾ ಕರಾವಳಿಯಂಥ ಕಡೆ ಹೀಟ್ ಪಂಪ್ ಒಂದೇ ಸಾಕು. ಇನ್ನೊಂದು ಮಾತೂ ಹೇಳ್ದೆ: ಕರೆಂಟು ಹೋದ್ರೆ ಗ್ಯಾಸ್ ಇದೆ ಅಂತ ನಂಬ್ಕೊಂಡು ಕೂರ್ಬೇಡ, ಫರ್ನೇಸಿನ ಫ್ಯಾನು ತಿರುಗೋಕೂ ಕರೆಂಟೇ ಬೇಕು.

ಫೋನಿಟ್ಟ ಮೇಲೆ ಹೊಳೀತು. ಅವಳಿಗೆ ಇಷ್ಟೆಲ್ಲ ಬುದ್ಧಿ ಹೇಳಿದ ನಾನು ನನ್ನ ಬಚ್ಚಲಿಗೆ ಗೆರೆ ಎಳೆದೇ ಇರ್ಲಿಲ್ಲ. ಸೋಲಾರ್ ಯಾವ ದಿನ ಕೈಕೊಡುತ್ತೆ, ಆ ದಿನ ಯಾವುದು ಕೈಹಿಡಿಯುತ್ತೆ ಅಂತ ಮೊದಲೇ ಕೂತು ಯೋಚ್ನೆ ಮಾಡಿರ್ಲಿಲ್ಲ. ಮಾರಿದವರು ಕಾಯಿಲ್ ಅಂದ್ರು, ನಂಬಿದೆ. ನಮ್ಮಲ್ಲಿ ಮೋಡ ಕವಿದ ವಾರವೇ ಕರೆಂಟೂ ಹೋಗೋದು. ಎರಡೂ ಒಂದೇ ದಿನ ಕೈಕೊಟ್ರೆ ಎರಡು ಇಂಧನ ಇದ್ದೇನು ಪ್ರಯೋಜನ? ನೀರು ಕಾಯಿಸೋ ಹೀಟ್ ಪಂಪ್ ನಮ್ಮಲ್ಲೂ ಸಿಗುತ್ತೆ, ನಮ್ಮ ಹವೆಗೆ ಚೆನ್ನಾಗೇ ನಡೆಯುತ್ತೆ, ಗೀಸರು ಮೂರೂವರೆ ಯೂನಿಟ್ ತಿನ್ನೋ ಕಡೆ ಅದು ಒಂದೂಕಾಲಲ್ಲಿ ಮುಗಿಸುತ್ತೆ. ಹೋಂಸ್ಟೇ ಇಟ್ಟು ಜನರೇಟರೂ ಇರೋರಿಗೆ ನಾನೇ ಅದನ್ನ ಹೇಳ್ತೀನಿ. ನನಗೆ ಆರು ದಿನ ಕತ್ತಲಲ್ಲಿ ಉರಿಯೋದು ಬೇಕಿತ್ತು. ಅದು ಸೌದೆ ಒಂದೇ.

ಅಷ್ಟರಲ್ಲಿ ಅಮ್ಮ ಇನ್ನೊಂದು ವಿಷಯ ಕಲಿಸಿದ್ಲು. ಅಕ್ಟೋಬರಲ್ಲಿ ಬಿಸಿಲು ಬಂತು, ಸೋಲಾರ್ ಮತ್ತೆ ಕುದೀತಿದೆ, ಆದ್ರೂ ಎರಡು ದಿನಕ್ಕೊಮ್ಮೆ ಒಲೆ ಹಚ್ಚೋಳು. "ಹಂಡೆ ನೀರಿನ ಬಿಸೀನೇ ಬೇರೆ" ಅಂತ ಒಂದೇ ಮಾತು. ಹಠ ಅಂದ್ಕೊಂಡಿದ್ದೆ. ಹೆಂಡ್ತಿ ಹೇಳಿದ್ಲು: "ಅತ್ತೆ ನೀರಿಗೋಸ್ಕರ ಹಚ್ಚಲ್ಲರೀ. ಒಲೆ ಮುಂದೆ ಕೂತು ಕೈಕಾಲು ಕಾಯಿಸ್ಕೋತಾರೆ. ಮಳೆಗಾಲದಲ್ಲಿ ಒಲೆ ಮೇಲಿನ ಗಳದಲ್ಲಿ ಬಟ್ಟೆ ಒಣಗ್ತಿತ್ತು. ಈ ಸಲ ಮೂರು ತಿಂಗಳು ಮುಗ್ಗಲು ಬಟ್ಟೆ ಹಾಕ್ಕೊಂಡಿದ್ದು ನಿಮಗೆ ಗೊತ್ತಾಗ್ಲೇ ಇಲ್ವಾ?" ನಿಜ ಹೇಳ್ಬೇಕಂದ್ರೆ ಗೊತ್ತಾಗಿರ್ಲಿಲ್ಲ. ನಾನು ಲೆಕ್ಕ ಹಾಕಿದ್ದು ನೀರಿಗೆ ಮಾತ್ರ. ಆ ಒಲೆ ನೀರು ಕಾಯಿಸೋದು, ಬಟ್ಟೆ ಒಣಗಿಸೋದು, ವಯಸ್ಸಾದವರ ಮೈ ಬೆಚ್ಚಗಿಡೋದು, ಬೂದಿ ಕೊಡೋದು, ಎಲ್ಲಾ ಮಾಡ್ತಿತ್ತು. ನಮ್ಮ ಮಲೆನಾಡಿನ ಮನೆಗೆ ಇದ್ದ ಒಂದೇ ಹೀಟರು ಅದು.

ಚಳಿಗಾಲ ಬಂದಾಗ ಮಗಳೂ ಅದನ್ನೇ ಹೇಳಿದ್ಲು ನೋಡಿ. "ಅಪ್ಪ, ಮನೆ ಬೆಚ್ಚಗೇ ಇದೆ, ಮೀಟರಲ್ಲೂ ಸರಿಯಾಗೇ ತೋರಿಸುತ್ತೆ, ಆದ್ರೆ ಹೀಟ್ ಪಂಪ್ ಗಾಳಿಗೆ ಕೈ ಒಡ್ಡಿದ್ರೆ ಬಿಸಿ ಅನ್ನಿಸಲ್ಲ. ಫರ್ನೇಸ್ ಗಾಳಿ ಸುಡ್ತಿತ್ತು." ಹೀಟ್ ಪಂಪ್ ಗಾಳಿ ಮೈ ಬಿಸಿಯಷ್ಟೇ ಇರುತ್ತೆ, ನಿಧಾನಕ್ಕೆ ತುಂಬಾ ಹೊತ್ತು ಬೀಸುತ್ತೆ. ಫರ್ನೇಸಿಂದು ಐವತ್ತರ ಮೇಲೆ. ಅಜ್ಜಿ ಮೊಮ್ಮಗಳು ಹೇಳಿದ್ದು ಒಂದೇ ಮಾತು.

ಹಂಗಾಗಿ ಒಲೆ ಕೀಳೋ ಯೋಚ್ನೆ ಬಿಟ್ಟು, ಒಲೆಯಿಂದ ಹೊಗೆ ಕೀಳೋ ಯೋಚ್ನೆ ಮಾಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಅಸ್ತ್ರ ಒಲೆ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆ ಕಾಲದಲ್ಲಿ ಅದನ್ನ ಕಟ್ಟಿದ್ದ ಒಬ್ಬ ಹಿರಿಯ ಗಾರೆಯವರು ಪಕ್ಕದೂರಲ್ಲಿ ಇನ್ನೂ ಇದ್ದಾರೆ. ಕರ್ಕೊಂಡು ಬಂದೆ. ಅವರು ಮಾಡಿದ್ದಿಷ್ಟೇ: ಸೌದೆ ಕೆಳಗೆ ಕಬ್ಬಿಣದ ಸರಳಿನ ಜಾಲರಿ, ಅದರ ಕೆಳಗಿಂದ ಗಾಳಿ, ಬೂದಿ ಬೀಳೋಕೆ ಜಾಗ. ಬಾಯಿ ಸಣ್ಣದು. ಉರಿ ಹಂಡೆ ಸುತ್ತ ಒಂದು ಸುತ್ತು ಹೊಡೆದು ಹಿಂದಿನ ಚಿಮಣಿಗೆ ಹೋಗೋ ಹಾಗೆ ಮಣ್ಣಿನ ದಾರಿ. ಚಿಮಣಿ ಮಾಡಿನ ನೆತ್ತಿಗಿಂತ ಎರಡಡಿ ಮೇಲೆ. ಎರಡು ದಿನದ ಕೆಲಸ. "ಹದಿನೈದು ದಿನಕ್ಕೊಮ್ಮೆ ಮಸಿ ತೆಗೀದಿದ್ರೆ ಹೊಗೆ ವಾಪಸ್ ನಿಮ್ಮ ಮುಖಕ್ಕೇ, ನನ್ನ ಬೈಬೇಡಿ" ಅಂತ ಹೇಳಿ ಹೋದ್ರು. ಮಸಿ ತೆಗೆಯೋ ಕೆಲಸ ನನ್ನದು. ಬೆಳಿಗ್ಗೆ ಒಲೆ ಹಚ್ಚೋದೂ ಈಗ ನನ್ನದೇ, ಅಮ್ಮ ಬರೋದು ಉರಿ ಹಿಡಿದ ಮೇಲೆ. ಇದಕ್ಕೆ ಮಾತ್ರ ಯಾವ ಪ್ಲಂಬರೂ ಬೇಕಾಗಿಲ್ಲ.

ತಕ್ಕಡಿ ಮತ್ತೆ ಹೊರಗೆ ಬಂತು. 9 ಕೆಜಿ ಇದ್ದಿದ್ದು 5ಕ್ಕೆ ಇಳೀತು. ವರ್ಷ ಒಣಗಿದ ಸೌದೆ ಆದ್ರೆ ಮಾತ್ರ.

ಇನ್ನೊಂದು ಸಣ್ಣ ಕೆಲಸ ಮಾಡಿದ್ವಿ, ನನಗೆ ಇದೇ ಎಲ್ಲಕ್ಕಿಂತ ಇಷ್ಟ. ಮಗಳ ಮನೇಲಿ ಎರಡು ಇಂಧನ ಒಟ್ಟಿಗೆ ಓಡಲ್ಲ ಅಂದೆನಲ್ಲ, ನಮ್ಮಲ್ಲಿ ಒಂದರ ಹಿಂದೆ ಒಂದು ಓಡಬಹುದು. ಸೋಲಾರ್ ಪೈಪಿಗೆ ಬಚ್ಚಲಲ್ಲಿ ಒಂದು ಟಿ ಹಾಕಿ ಎರಡು ಗೇಟ್ ವಾಲ್ವ್ ಕೂರಿಸಿದ್ವಿ. ಒಂದು ತೆರೆದ್ರೆ ಸೀದಾ ನಲ್ಲಿಗೆ, ಇನ್ನೊಂದು ತೆರೆದ್ರೆ ಹಂಡೆಗೆ. ಮೋಡದ ದಿನವೂ ಸೋಲಾರ್ ಪೂರ್ತಿ ಸತ್ತಿರಲ್ಲ. ಅಬ್ಬಿ ನೀರು 22 ಡಿಗ್ರಿ ಇದ್ದಾಗ ಸೋಲಾರಿಂದ 30, 32 ಬರ್ತಿರುತ್ತೆ. ಸ್ನಾನಕ್ಕೆ ಅದು ಸಾಲದು, ಆದ್ರೆ ಹಂಡೆಗೆ ಅದೇ ನೀರು ಬಿಟ್ರೆ ಅರ್ಧ ದಾರಿ ಆಗಲೇ ಮುಗಿದಿರುತ್ತೆ. ಅಂಥ ದಿನ 3 ಕೆಜಿ ಸೌದೆ ಸಾಕಾಯ್ತು. ಹಂಡೆ ಮೇಲೆ ಬಾಯಿ ತೆರೆದಿರೋದ್ರಿಂದ ಆವಿ ಒತ್ತಡದ ಭಯ ಇಲ್ಲ. ಮುಚ್ಚಿದ ಬಾಯ್ಲರ್ ಇರೋರು ಇದನ್ನ ನೋಡಿ ಹಾಗೇ ಮಾಡಬೇಡಿ, ಗಾಳಿ ಕೊಳವೆ ಇದ್ಯಾ ಅಂತ ಮೊದಲು ನೋಡಿಸಿ.

ಗೆರೆ ಯಾವುದು ಅಂದ್ರೆ, ಮಧ್ಯಾಹ್ನ ಮೂರು ಗಂಟೆ. ಅಡುಗೆಮನೆ ನಲ್ಲಿ ತಿರುಗಿಸಿ ಕೈ ಒಡ್ಡೋದು. ಹತ್ತು ಎಣಿಸೋವರೆಗೆ ಕೈ ತಡೆಯಲ್ಲ ಅಂದ್ರೆ ನಾಳೆ ಬೆಳಿಗ್ಗೆ ಒಲೆ ಇಲ್ಲ. ತಡೀತು ಅಂದ್ರೆ ವಾಲ್ವ್ ಹಂಡೆಗೆ ತಿರುಗಿಸಿ ಸೌದೆ ಒಳಗಿಡೋದು. ಕಾಯಿಲ್ ಸ್ವಿಚ್ಚಿಗೆ ಟೇಪ್ ಸುತ್ತಿದೀನಿ.

ಈ ವರ್ಷದ ಮಳೆಗಾಲ ಪೂರ್ತಿ ಹೀಗೇ ನಡೀತು. ಜೂನಿಂದ ಸೆಪ್ಟೆಂಬರ್ ಕೊನೆವರೆಗೆ ಗೋಡೆ ಮೇಲೆ ಇದ್ದಲಲ್ಲಿ ಗೀಟು ಹಾಕಿದೀನಿ, 96 ದಿನ ಒಲೆ ಹಚ್ಚಿದೀವಿ. ಸೌದೆ ನಾಲ್ಕು ಕ್ವಿಂಟಲ್ ಒಳಗೆ. ಅಮ್ಮನಿಗೆ ಆಸ್ಪತ್ರೆ ಬೇಕಾಗಿಲ್ಲ. ಇನ್‌ಹೇಲರ್ ಬಿಟ್ಟಿಲ್ಲ, ಬಿಡೋಕೂ ಆಗಲ್ಲ. ಚಿಮಣಿ ಇದೆ ಅಂತ ಒಲೆ ಮುಂದೆ ತಾಸುಗಟ್ಲೆ ಕೂರೋ ಹಾಗೂ ಇಲ್ಲ. ಕೂರ್ತಾಳೆ, ಬೈತೀನಿ, ಮತ್ತೆ ಕೂರ್ತಾಳೆ.

ನಿಮಗೆ ಇದು ಆಗುತ್ತಾ ಅಂದ್ರೆ, ಮನೆ ನೋಡದೆ ಹೇಳಲ್ಲ. ಆಗುಂಬೆ ಸೆರಗಿನಲ್ಲಿರೋರು, ಮನೆ ಸುತ್ತ ಮರದ ನೆರಳಿರೋರು ಮೊದಲು ಒಲೆ, ಚಿಮಣಿ ಸರಿ ಮಾಡಿಸಿ, ಸೋಲಾರ್ ಆಮೇಲೆ ನೋಡೋಣ. ದಾವಣಗೆರೆ ಕಡೆ ನಮ್ಮ ಭಾವನ ಮನೆಗೆ ಸೋಲಾರ್ ಒಂದೇ ಸಾಕು, ಅಲ್ಲಿ ಒಲೆ ಇಟ್ಕೊಂಡ್ರೆ ಬರೀ ಜಾಗ ದಂಡ. ಕೊಟ್ಟಿಗೇಲಿ ನಾಲ್ಕೈದು ಜಾನುವಾರು ಇದ್ದು ಗೋಬರ್ ಗ್ಯಾಸ್ ಮಿಗ್ತಾ ಇರೋರು ಅದನ್ನೇ ಹಂಡೆ ಕೆಳಗೆ ತಂದ್ರೆ ನಂದಕ್ಕಿಂತ ಒಳ್ಳೇದು. ನಮ್ಮಲ್ಲಿ ಈಗ ಒಂದೇ ದನ. ಹಂಡೆ ಗುಜರಿಗೆ ಹಾಕಿ ಆಗಿದ್ರೆ, ಹೊಸದಾಗಿ ತಾಮ್ರದ ಹಂಡೆ ತಂದು ಎರಡು ಇಂಧನ ಮಾಡೋ ಖರ್ಚು ಗಿಟ್ಟಲ್ಲ.

ನೋಡ್ಬೇಕು ಅನ್ನೋರು ಸಂಜೆ ನಾಲ್ಕರ ಮೇಲೆ ಬನ್ನಿ, ಅಡಿಕೆ ಬೇಯಿಸ್ತಾ ಮನೇಲೇ ಇರ್ತೀನಿ. ಬರೋವಾಗ ನಿಮ್ಮ ಬಚ್ಚಲಿಂದ ಬಿಸಿಲು ಬೀಳೋ ಜಾಗಕ್ಕೆ ಎಷ್ಟು ಅಡಿ ಅಂತ ಅಳೆದ್ಕೊಂಡು ಬನ್ನಿ, ಒಂದು ವಾರ ಸೌದೆ ತೂಗಿ ಬರ್ಕೊಂಡು ಬನ್ನಿ. ಬೆಳಿಗ್ಗೆ ಒಲೆ ಊದೋರು ಯಾರೋ ಅವರನ್ನೂ ಜೊತೆಗೆ ಕರ್ಕೊಂಡು ಬನ್ನಿ.